ಪಿಸಿಎಲ್–ಹೈಡ್ರಾಕ್ಸಿಅಪಟೈಟ್ ಮೂಳೆ ಸ್ಕ್ಯಾಫೋಲ್ಡ್: ಪುಡಿಯಿಂದ ಪ್ರಿಂಟ್‌ವರೆಗಿನ ಕೆಲಸದ ದಾಖಲೆ

3ಡಿ ಪ್ರಿಂಟರ್‌ನಲ್ಲಿ ಮಾಡಲು ಹೊರಟದ್ದು 10 × 10 ಮಿ.ಮೀ. ಅಗಲ, ಸುಮಾರು 4 ಮಿ.ಮೀ. ದಪ್ಪದ, ಒಳಗೆಲ್ಲ ಜಾಲರಿಯಂತಿರುವ ತುಂಡು. ತೂಕದ ಲೆಕ್ಕದಲ್ಲಿ ಶೇ 80 ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್, ಶೇ 20 ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್. ಮುಂದೆ ಇವನ್ನು ಪಿಸಿಎಲ್, ಎಚ್‌ಎ ಎಂದೇ ಬರೆದಿದೆ. ಗಾರೆಯವರು ಕಟ್ಟಡಕ್ಕೆ ಕಟ್ಟುವ ಸಾರುವೆ ಏನು ಮಾಡುತ್ತದೋ, ಮೂಳೆಯಲ್ಲಿ ಈ ತುಂಡು ಮಾಡಬೇಕಾದ್ದೂ ಅದನ್ನೇ: ಹೊಸ ಮೂಳೆ ಹಬ್ಬುವ ತನಕ ನಿಂತಿರಬೇಕು, ಆಮೇಲೆ ತಾನಾಗಿ ಇಲ್ಲವಾಗಬೇಕು. ಪಿಸಿಎಲ್ ದೇಹದೊಳಗೆ ಪೂರ್ತಿ ಕರಗಲು 2–3 ವರ್ಷ ಹಿಡಿಯುತ್ತದೆ. ತಲೆಬುರುಡೆಯ ತೂತು ಮುಚ್ಚಲು ಸಿಂಗಪುರದ ಆಸ್ಟಿಯೋಪೋರ್ ಕಂಪನಿ ಮಾರುವ ತುಂಡುಗಳೂ ಪಿಸಿಎಲ್‌ನವೇ.

ಇಲ್ಲಿ ಬರೆದದ್ದು ಪ್ರಯೋಗಾಲಯದ ಪರೀಕ್ಷೆಗೆ ಬೇಕಾದ ತುಂಡಿನ ಕೆಲಸ ಮಾತ್ರ. ರೋಗಿಯ ದೇಹಕ್ಕೆ ಹೋಗುವ ವಸ್ತುವಿಗೆ ವೈದ್ಯಕೀಯ ದರ್ಜೆಯ ಕಚ್ಚಾಸಾಮಗ್ರಿ, ಸ್ವಚ್ಛ ಕೊಠಡಿ, ಪರವಾನಗಿ ಎಲ್ಲವೂ ಬೇಕು. ಈ ಪಾಕವಿಧಾನ ಅದಕ್ಕಲ್ಲ.

ಒಟ್ಟು ಏಳು ವಾರ ಹಿಡಿಯಿತು. ಪ್ರಿಂಟರ್‌ನ ತಪ್ಪು ಎಂದು ಮೊದಲು ತಿಳಿದ ತೊಂದರೆಗಳಲ್ಲಿ ಹೆಚ್ಚಿನವು ಕೊನೆಗೆ ಪುಡಿಯ ತಪ್ಪಾಗಿದ್ದವು. ಹಾಗಾಗಿ ಪುಡಿ ಮತ್ತು ಮಿಶ್ರಣದ ಭಾಗ ಇಲ್ಲಿ ಉದ್ದವಾಗಿದೆ.

ದಿನ 1–7: ಎಚ್‌ಎ ಪುಡಿ

ಸುಮಾರು 100 ಗ್ರಾಂ ಎಚ್‌ಎಗೆ ಲೆಕ್ಕ ಹೀಗೆ: ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ 74.1 ಗ್ರಾಂ, ಶೇ 85ರ ಫಾಸ್ಫಾರಿಕ್ ಆಮ್ಲ 69.2 ಗ್ರಾಂ, ಅಳತೆಯಲ್ಲಿ 41 ಮಿ.ಲೀ. ಪರಮಾಣುಗಳ ಲೆಕ್ಕದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಅನುಪಾತ 10ಕ್ಕೆ 6, ಅಂದರೆ 1.67 ಬರಬೇಕು.

ಸುಣ್ಣವನ್ನು 2 ಲೀಟರ್ ಬಟ್ಟಿ ಇಳಿಸಿದ ನೀರಿಗೆ ಹಾಕಿ ಒಂದು ಗಂಟೆ ಕಲಕಬೇಕು. ಆಮ್ಲಕ್ಕೆ ನೀರು ಸೇರಿಸಿ 600 ಮಿ.ಲೀ. ಮಾಡಿಕೊಂಡು, ನಿಮಿಷಕ್ಕೆ 3–4 ಮಿ.ಲೀ. ಮೀರದಂತೆ ತೊಟ್ಟಿಕ್ಕಿಸಬೇಕು. ಪಿಎಚ್ 9ಕ್ಕಿಂತ ಕೆಳಗೆ ಇಳಿಯಬಾರದು.

ಮೊದಲ ಸಲ ಆಮ್ಲವನ್ನು 40 ನಿಮಿಷದಲ್ಲಿ ಮುಗಿಸಿದ್ದು ತಪ್ಪಾಯಿತು. ಪಿಎಚ್ 6ರ ಹತ್ತಿರ ಬಂತು. ಆ ಪುಡಿಯನ್ನು 900 ಡಿಗ್ರಿ ಸೆಲ್ಸಿಯಸ್‌ಗೆ ಸುಟ್ಟು ಎಕ್ಸ್‌ರೇ ಡಿಫ್ರಾಕ್ಷನ್ (ಎಕ್ಸ್‌ರೇ ಯಾವ ಕೋನಕ್ಕೆ ಚದುರುತ್ತದೆಂದು ನೋಡಿ ಹರಳನ್ನು ಗುರುತಿಸುವ ಪರೀಕ್ಷೆ) ಮಾಡಿಸಿದಾಗ 31.8 ಡಿಗ್ರಿಯ ಎಚ್‌ಎ ಶಿಖರದ ಪಕ್ಕದಲ್ಲೇ 31.0 ಡಿಗ್ರಿಯಲ್ಲಿ ಇನ್ನೊಂದು ಶಿಖರ ಎದ್ದಿತ್ತು. ಅದು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಅದು ಕೆಟ್ಟ ವಸ್ತುವೇನಲ್ಲ, ಎಚ್‌ಎಗಿಂತ ಬೇಗ ಕರಗುತ್ತದೆ. ಬೇಕೆಂದೇ ಅದನ್ನು ಬಳಸುವವರೂ ಇದ್ದಾರೆ. ಆದರೆ ಎಷ್ಟು ಸೇರಿದೆ ಎಂದು ಗೊತ್ತಿಲ್ಲದ ಪುಡಿಯಿಂದ ಮಾಡಿದ ತುಂಡು ಎಷ್ಟು ಬೇಗ ಕರಗುತ್ತದೆ ಎಂದು ಹೇಳಲಾಗದು. ಅಷ್ಟನ್ನೂ ಬದಿಗಿಟ್ಟೆವು.

ಎರಡನೇ ಸಲ ಆಮ್ಲ ಹಾಕಲು ಮೂರು ಗಂಟೆ ತೆಗೆದುಕೊಂಡದ್ದು. ಇಲ್ಲಿ ಇನ್ನೊಂದು ಎಚ್ಚರಿಕೆ: ಡಬ್ಬಿ ತೆರೆದು ಬಹಳ ದಿನ ಇಟ್ಟ ಸುಣ್ಣ ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿ ಸುಣ್ಣಕಲ್ಲಾಗಿ ತಿರುಗಿರುತ್ತದೆ. ತೂಕ ಸರಿ ಕಂಡರೂ ಕೆಲಸಕ್ಕೆ ಬರುವ ಸುಣ್ಣ ಕಡಿಮೆ ಇರುತ್ತದೆ. ಚಿಟಿಕೆ ಸುಣ್ಣಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೋಡಿ. ನೊರೆಗುಳ್ಳೆ ಎದ್ದರೆ ಆ ಡಬ್ಬಿ ಬೇಡ.

ರಾತ್ರಿಯಿಡೀ ಹಾಗೇ ಬಿಟ್ಟು, ಸೋಸಿ, ಮೂರು ಸಲ ತೊಳೆದು, 100 ಡಿಗ್ರಿಯಲ್ಲಿ ಒಣಗಿಸಿ, 900 ಡಿಗ್ರಿಯಲ್ಲಿ 2 ಗಂಟೆ ಸುಟ್ಟದ್ದು. ಸುಟ್ಟ ಪುಡಿಯನ್ನು ಒಂದಿಷ್ಟು ನೀರಿನಲ್ಲಿ ಕಲಸಿ ಎರಡು ಹನಿ ಫಿನಾಲ್ಫ್ತಲೀನ್ ಹಾಕಿದಾಗ ಕಡುಗುಲಾಬಿ ಬಣ್ಣ ಬಂದರೆ ಸುಣ್ಣ ಹೆಚ್ಚಾಗಿ ಉಳಿದಿದೆ ಎಂದರ್ಥ. ಅಂಥ ಪುಡಿ ಜೀವಕೋಶಗಳನ್ನು ಸುಡುತ್ತದೆ. ನಮ್ಮದು ಬಣ್ಣ ಹಿಡಿಯಲಿಲ್ಲ. ಕೈಗೆ ಬಂದದ್ದು 91 ಗ್ರಾಂ.

ಅಗೇಟ್ ಕಲ್ವದಲ್ಲಿ ಅರೆದು 45 ಮೈಕ್ರಾನ್ ಜರಡಿ ಹಿಡಿಯುವುದು ಕೊನೆಯ ಹೆಜ್ಜೆ. ಪ್ರಿಂಟರ್‌ನ ನಳಿಕೆಯ ತೂತಿನ ಹತ್ತನೇ ಒಂದು ಪಾಲಿಗಿಂತ ದೊಡ್ಡ ಕಣ ಇರಬಾರದು ಎಂಬುದು ನಾವು ಇಟ್ಟುಕೊಂಡ ಮಿತಿ, 0.4 ಮಿ.ಮೀ. ನಳಿಕೆಗೆ ಅದು 40 ಮೈಕ್ರಾನ್, ಸಿಕ್ಕ ಜರಡಿ 45ರದು. ಜರಡಿಗೆ 1,800 ರೂಪಾಯಿ ಆಯಿತು. ದುಬಾರಿ ಎಂದು ಮೊದಲ ಮಿಶ್ರಣಕ್ಕೆ ಅದಿಲ್ಲದೆ ಹೋದದ್ದರ ಫಲ ಮುಂದೆ ಬರುತ್ತದೆ.

ದಿನ 8–18: ಮಿಶ್ರಣ, ಮೂರು ಸಲ

ಮೊದಲನೆಯದು. ಪಿಸಿಎಲ್ 60 ಡಿಗ್ರಿಗೇ ಕರಗುತ್ತದಲ್ಲ, ದ್ರಾವಕ ಯಾಕೆ ಎಂದುಕೊಂಡು ಬೀಕರಿನಲ್ಲಿ 100 ಡಿಗ್ರಿಗೆ ಕಾಯಿಸಿ ಗಾಜಿನ ಕೋಲಿನಲ್ಲಿ ಪುಡಿ ತಿರುವಿದ್ದು. ಕರಗಿದ ಪಿಸಿಎಲ್ ನೀರಿನ ಹಾಗಿರುವುದಿಲ್ಲ, ಬಿಗಿ ಅಂಟಿನ ಹಾಗಿರುತ್ತದೆ. ಸರಿಯಾಗಿ ತಿರುವದ ಮುದ್ದೆಯಲ್ಲಿ ಹಸಿಹಿಟ್ಟು ಗಂಟುಕಟ್ಟುತ್ತದಲ್ಲ, ಅದೇ ಇಲ್ಲೂ ಆಯಿತು: ಹೊರಗೆ ಪ್ಲಾಸ್ಟಿಕ್, ಒಳಗೆ ಒಣಪುಡಿ.

ಗಂಟು ಕಣ್ಣಿಗೆ ಕಾಣದಿದ್ದರೂ ಬೂದಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಈ ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ನಂಬಿಕಸ್ಥ ಪರೀಕ್ಷೆ ಇದೇ. ಒಣಗಿಸಿ ತೂಗಿದ ಪಿಂಗಾಣಿ ಮೂಸೆಗೆ ಸುಮಾರು 1 ಗ್ರಾಂ ಮಿಶ್ರಣ ಹಾಕಿ, ನಿಮಿಷಕ್ಕೆ 5 ಡಿಗ್ರಿಯಂತೆ 600 ಡಿಗ್ರಿಗೆ ಏರಿಸಿ 2 ಗಂಟೆ ಬಿಡಿ. ಪಿಸಿಎಲ್ ಪೂರ್ತಿ ಉರಿದುಹೋಗುತ್ತದೆ, ಎಚ್‌ಎ ಉಳಿಯುತ್ತದೆ. ಆತುರದಿಂದ ಬಿಸಿ ಏರಿಸಿದರೆ ಕುದಿದು ಮೂಸೆಯಿಂದ ಆಚೆ ಸಿಡಿಯುತ್ತದೆ, ಲೆಕ್ಕ ಹಾಳು. ಪಕ್ಕದ ಮೂಸೆಯಲ್ಲಿ ಬರೀ ಎಚ್‌ಎ ಇಟ್ಟು ಅದು ಕಳೆದುಕೊಳ್ಳುವ ತೇವವನ್ನೂ ಅಳೆಯಿರಿ. ನಮ್ಮದು ಶೇ 0.4.

ಮೊದಲ ಮಿಶ್ರಣದ ಮೂರು ಜಾಗದಿಂದ ತೆಗೆದ ಚೂರುಗಳಲ್ಲಿ ಸಿಕ್ಕ ಎಚ್‌ಎ: ಶೇ 9, ಶೇ 17, ಶೇ 31. ಸರಾಸರಿ ನೋಡಿದರೆ 19, ಏನೂ ತಪ್ಪಿಲ್ಲವೆನ್ನಿಸುತ್ತದೆ. ಆದ್ದರಿಂದ ಒಂದೇ ಚೂರು ಸುಟ್ಟು ನೋಡಿ ತೃಪ್ತಿಪಡಬೇಡಿ.

ಎರಡನೆಯದು. 40 ಗ್ರಾಂ ಪಿಸಿಎಲ್ ಅನ್ನು 400 ಮಿ.ಲೀ. ಡೈಕ್ಲೋರೋಮೀಥೇನ್ ಎಂಬ ದ್ರಾವಕದಲ್ಲಿ ಕರಗಿಸಿದ್ದು, ಸುಮಾರು 3 ಗಂಟೆ. ಜರಡಿ ಹಿಡಿದ 10 ಗ್ರಾಂ ಎಚ್‌ಎಯನ್ನು ಬೇರೆಯಾಗಿ 100 ಮಿ.ಲೀ. ದ್ರಾವಕದಲ್ಲಿ ಹಾಕಿ ಅಲ್ಟ್ರಾಸೋನಿಕ್ ಬಾತ್‌ನಲ್ಲಿ 30 ನಿಮಿಷ ಇಟ್ಟು, ಅದರೊಳಗೆ ಸುರಿದು 4 ಗಂಟೆ ಕಲಕಿದ್ದು. ಹಾಲಿನಂತೆ ಒಂದೇ ಸಮನಾಗಿ ಕಂಡಿತು. ಅಗಲ ಗಾಜಿನ ತಟ್ಟೆಗೆ ಹುಯ್ದು ರಾತ್ರಿ ಆರಲು ಬಿಟ್ಟೆವು. ಬೆಳಿಗ್ಗೆ ಸಿಕ್ಕ ಹಾಳೆಯ ಮೇಲ್ಮೈ ನುಣುಪು, ಅಡಿ ಸೀಮೆಸುಣ್ಣದಂತೆ. ಬೂದಿ ಪರೀಕ್ಷೆ: ಮೇಲೆ ಶೇ 11, ಅಡಿಯಲ್ಲಿ ಶೇ 27. ಕಾರಣ ಸರಳ. ಎಚ್‌ಎ ಸಾಂದ್ರತೆ 3.16, ದ್ರಾವಕದ್ದು 1.33. ಆರುವುದು ನಿಧಾನವಾದಷ್ಟೂ ಪುಡಿ ತಳ ಸೇರುತ್ತದೆ.

ಮೂರನೆಯದು, ಗೆದ್ದದ್ದು. ಅದೇ ಮಿಶ್ರಣವನ್ನು ಆರಲು ಬಿಡದೆ, ಕಲಕುತ್ತಿರುವ 2.5 ಲೀಟರ್ ತಣ್ಣನೆಯ ಎಥನಾಲ್‌ಗೆ ಸಣ್ಣ ಧಾರೆಯಾಗಿ ಸುರಿಯಬೇಕು. ಎಥನಾಲ್‌ನಲ್ಲಿ ಪಿಸಿಎಲ್ ಕರಗುವುದಿಲ್ಲ. ಬಿದ್ದ ಕೂಡಲೇ ಒಡೆದ ಹಾಲಿನಂತೆ ಗಟ್ಟಿಯಾಗಿ, ಪುಡಿಗೆ ತಳ ಸೇರಲು ಸಮಯ ಕೊಡದೆ ಒಳಗೇ ಹಿಡಿದುಬಿಡುತ್ತದೆ. ಬೂದಿ: 19.4, 19.7, 19.5. ಎಥನಾಲ್ ಸ್ವಲ್ಪ ಮಬ್ಬಾಗಿತ್ತು, ನುಣ್ಣನೆಯ ಪುಡಿ ಅಲ್ಲಿ ಉಳಿದಿತ್ತು. ಮುಂದಿನ ಸಲ 10 ಗ್ರಾಂ ಬದಲು 10.4 ಗ್ರಾಂ ಹಾಕಿದಾಗ ಶೇ 20ಕ್ಕೆ ಸರಿಹೋಯಿತು.

ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತದೆ, ಆವಿ ಹೊಗೆಗೂಡಿನೊಳಗೇ ಇರಬೇಕು. ಸಾಮಾನ್ಯ ನೈಟ್ರೈಲ್ ಕೈಗವಸನ್ನು ಅದು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಮೇಲೆ ಚೆಲ್ಲಿದರೆ ಆ ಕ್ಷಣವೇ ಕಳಚಿ ಬಿಸಾಡಿ. ಉಳಿದ ದ್ರವ ಕ್ಲೋರಿನ್ ಇರುವ ತ್ಯಾಜ್ಯದ ಬಾಟಲಿಗೆ, ಸಿಂಕ್‌ಗೆ ಅಲ್ಲ.

ಒಣಗಿಸುವುದರಲ್ಲಿ ಮತ್ತೊಂದು ವಾರ ಹೋಯಿತು. 60 ಡಿಗ್ರಿಗೆ ಕರಗುವ ವಸ್ತುವನ್ನು ಬಿಸಿ ಮಾಡಿ ಬೇಗ ಒಣಗಿಸಲಾಗದು. ವ್ಯಾಕ್ಯೂಮ್ ಓವನ್‌ನಲ್ಲಿ 40 ಡಿಗ್ರಿ, 48 ಗಂಟೆ, ಚೂರುಗಳು 3 ಮಿ.ಮೀ.ಗಿಂತ ದಪ್ಪ ಇರಬಾರದು. 12 ಗಂಟೆಗೊಮ್ಮೆ ತೂಗಿ, ಎರಡು ಸಲ ಒಂದೇ ತೂಕ ಬಂದ ಮೇಲೆ ಮುಗಿಯಿತೆನ್ನಬೇಕು. ಅವಸರಪಟ್ಟು 24 ಗಂಟೆಗೇ ತೆಗೆದ ಒಂದು ಬ್ಯಾಚ್ ಪ್ರಿಂಟ್ ಆಗುವಾಗ ಎಳೆಯೊಳಗೆಲ್ಲ ಗುಳ್ಳೆ. ಔಷಧಗಳಲ್ಲಿ ಈ ದ್ರಾವಕ ಉಳಿಯಬಹುದಾದ ಮಿತಿ 600 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 600 ಪಾಲು. ತಕ್ಕಡಿ ಅಷ್ಟು ಸೂಕ್ಷ್ಮವಾಗಿ ಹೇಳುವುದಿಲ್ಲ, ಜೀವಕೋಶದ ಪರೀಕ್ಷೆಗೆ ಮುಂಚೆ ಉಳಿದ ದ್ರಾವಕವನ್ನು ಅಳೆಯುವ ಗ್ಯಾಸ್ ಕ್ರೊಮೆಟೊಗ್ರಫಿ ಮಾಡಿಸಲೇಬೇಕು.

ದಿನ 19–27: ಒತ್ತುವ ಯಂತ್ರ

ಕೆಲಸ ಶಾವಿಗೆ ಒರಳಿನದೇ: ಕಾದ ಕೊಳವೆ, ಮೇಲಿಂದ ಒತ್ತಡ, ಕೆಳಗೆ ತೂತು. ಹಳೆಯ ಪ್ರಿಂಟರ್‌ನ ಚೌಕಟ್ಟು ಉಳಿಸಿಕೊಂಡು ತಲೆ ಮಾತ್ರ ಬದಲಿಸಿದ್ದು. 304 ಸ್ಟೇನ್‌ಲೆಸ್ ಸ್ಟೀಲ್ ಕೊಳವೆ, ಒಳವ್ಯಾಸ 12 ಮಿ.ಮೀ., ಉದ್ದ 90 ಮಿ.ಮೀ., ಹಿಡಿಯುವುದು 10 ಮಿ.ಲೀ. ಸುತ್ತ ಅಲ್ಯೂಮಿನಿಯಂ ಬ್ಲಾಕ್, ಅದರಲ್ಲಿ 24 ವೋಲ್ಟ್, 40 ವ್ಯಾಟ್‌ನ ಎರಡು ಹೀಟರ್. ಸಣ್ಣ ಕಂಪ್ರೆಸರ್ ಇತ್ತು. ರೆಗ್ಯುಲೇಟರ್‌ಗೆ 1,200, ಹೀಟರ್ ಮತ್ತು ತಾಪ ಅಳೆಯುವ ಥರ್ಮಿಸ್ಟರ್‌ಗೆ 650, ಸೊಲೆನಾಯ್ಡ್ ವಾಲ್ವ್‌ಗೆ 700, ಲೇತ್ ಕೆಲಸಕ್ಕೆ 2,500 ರೂಪಾಯಿ. ಬಿಸಿ ಕೊಳವೆಗೆ 6 ಬಾರ್ ಗಾಳಿ ಕೊಡುವ ಮುನ್ನ, ತಣ್ಣಗಿದ್ದಾಗ ನೀರು ತುಂಬಿ 10 ಬಾರ್‌ಗೆ ಒತ್ತಿ ಸೋರಿಕೆ ನೋಡಬೇಕು. ನೀರೇ ಏಕೆಂದರೆ, ಒಡೆದರೂ ಗಾಳಿಯಂತೆ ಸಿಡಿಯುವುದಿಲ್ಲ.

ಹಿತ್ತಾಳೆ ನಳಿಕೆ ಬೇಡ. ಎಚ್‌ಎ ಹಿತ್ತಾಳೆಯನ್ನು ಸವೆಸುತ್ತದೆ, ಸವೆದ ತಾಮ್ರ ತುಂಡಿಗೆ ಸೇರಿದರೆ ಜೀವಕೋಶಕ್ಕೆ ವಿಷ.

ತಪ್ಪುಗಳು ಬಂದ ಕ್ರಮದಲ್ಲಿ:

80,000 ಅಣುತೂಕದ ಪಿಸಿಎಲ್, 13 ಮಿ.ಮೀ. ಉದ್ದದ 0.4 ಮಿ.ಮೀ. ಸೂಜಿ, 100 ಡಿಗ್ರಿ, 6 ಬಾರ್. ಒಂದು ಹನಿಯೂ ಇಳಿಯಲಿಲ್ಲ. 50,000 ಅಣುತೂಕದ್ದಕ್ಕೆ ಬದಲಿಸಿ 120 ಡಿಗ್ರಿಗೆ ಏರಿಸಿದರೂ ನಿಮಿಷಕ್ಕೆ 9 ಮಿ.ಮೀ. ಎಳೆ. ಕಿರಿದಾದ ಭಾಗ ಎಷ್ಟು ಉದ್ದವೋ ಹರಿವು ಅಷ್ಟು ಕಡಿಮೆ. ಕಿರಿದಾದ ಭಾಗ 1 ಮಿ.ಮೀ. ಮಾತ್ರ ಇರುವ ಶಂಕುವಿನಾಕಾರದ ಸ್ಟೀಲ್ ನಳಿಕೆ, ಬೆಲೆ 350 ರೂಪಾಯಿ, ಹಾಕಿದ ಮೇಲೆ ಸೆಕೆಂಡಿಗೆ 2 ಮಿ.ಮೀ. ಸಿಕ್ಕಿತು. ಒತ್ತಡ ಹೆಚ್ಚಿಸುವುದಕ್ಕೆ ಮುಂಚೆ ನಳಿಕೆ ನೋಡಬೇಕಿತ್ತು.

ಪರದೆಯಲ್ಲಿ 120 ತೋರಿಸುತ್ತಿದ್ದರೂ ನಳಿಕೆಯ ತುದಿಗೆ ಥರ್ಮೋಕಪಲ್ ಚುಚ್ಚಿದಾಗ 97. ಥರ್ಮಿಸ್ಟರ್ ಹೀಟರ್‌ನ ಪಕ್ಕದಲ್ಲೇ ಕೂತಿತ್ತು. ನಳಿಕೆಯ ಕುತ್ತಿಗೆವರೆಗೆ ಬ್ಲಾಕ್ ಉದ್ದಮಾಡಿ ಥರ್ಮಿಸ್ಟರನ್ನು ಅಲ್ಲಿಗೆ ಇಳಿಸಿದ್ದು.

ಕೊಳವೆ ಅರ್ಧ ಖಾಲಿಯಾದಾಗ ಗಾಳಿ ನಡುವೆಯೇ ಸುರಂಗ ಕೊರೆದು ನಳಿಕೆಯಿಂದ ಹೊರಗೆ ಬಂತು, ಬಿಸಿ ಪ್ಲಾಸ್ಟಿಕ್ ಸಿಡಿಯಿತು. ಮುಖಕ್ಕೆ ಕವಚ ಇದ್ದದ್ದರಿಂದ ಅನಾಹುತವಾಗಲಿಲ್ಲ. ಗಾಳಿಗೂ ಪ್ಲಾಸ್ಟಿಕ್‌ಗೂ ನಡುವೆ ಟೆಫ್ಲಾನ್ ಬಿಲ್ಲೆ, ವೈಟನ್ ಓ-ರಿಂಗ್ ಸಮೇತ, ಹಾಕಿದ ಮೇಲೆ ಇದು ಮರುಕಳಿಸಿಲ್ಲ.

ನಳಿಕೆ ಕಟ್ಟುವುದು. ಜರಡಿ ಇಲ್ಲದ ಮೊದಲ ಮಿಶ್ರಣ ನಾಲ್ಕು ನಿಮಿಷಕ್ಕೊಮ್ಮೆ ಕಟ್ಟಿತು. ಬಿಸಿ ಏರಿಸಿ, ಒತ್ತಡ ಏರಿಸಿ, ನಳಿಕೆ ತೊಳೆದು ಎರಡು ದಿನ ಕಳೆದವು. ಕೊನೆಗೆ ಕಟ್ಟಿದ ನಳಿಕೆಯನ್ನೇ 600 ಡಿಗ್ರಿಯಲ್ಲಿ ಸುಟ್ಟು ತಟ್ಟಿದಾಗ ಬಿಳಿ ಗಂಟೊಂದು ಉದುರಿತು. ಸೂಕ್ಷ್ಮದರ್ಶಕದಲ್ಲಿ ಅದರ ಅಗಲ 0.3 ಮಿ.ಮೀ. ಜರಡಿ ಹಿಡಿದ ಮೂರನೇ ಮಿಶ್ರಣ ಅದೇ ನಳಿಕೆಯಲ್ಲಿ, ಅದೇ ಒತ್ತಡದಲ್ಲಿ, ಕೊಳವೆ ಖಾಲಿಯಾಗುವವರೆಗೆ ತಡೆಯಿಲ್ಲದೆ ಇಳಿಯಿತು.

ದಿನ 28–34: ಪ್ರಿಂಟ್

ಎಳೆಯ ದಪ್ಪ 0.4, ಎಳೆಯ ನಡುವಿನಿಂದ ಪಕ್ಕದ ಎಳೆಯ ನಡುವಿಗೆ 1.0, ಪದರದ ಎತ್ತರ 0.32 ಮಿ.ಮೀ. ಒಂದು ಪದರ ಅಡ್ಡ, ಮುಂದಿನದು ಉದ್ದ. ಎಳೆಗಳ ನಡುವೆ 0.6 ಮಿ.ಮೀ. ಜಾಗ ಉಳಿಯುತ್ತದೆ. ರಕ್ತನಾಳ ಒಳನುಗ್ಗಿ ಮೂಳೆ ಬೆಳೆಯಲು 0.3 ಮಿ.ಮೀ.ಗಿಂತ ದೊಡ್ಡ ರಂಧ್ರ ಒಳ್ಳೆಯದೆಂಬುದು ಈ ಕ್ಷೇತ್ರದಲ್ಲಿ ಒಪ್ಪಿಕೊಂಡ ಮಾತು.

ಲೆಕ್ಕದ ಪ್ರಕಾರ ರಂಧ್ರದ ಪಾಲು ಶೇ 61. ಮಿಶ್ರಣದ ಸಾಂದ್ರತೆ 1.31 ಇಟ್ಟುಕೊಂಡರೆ 12 ಪದರದ 10 × 10 × 3.84 ಮಿ.ಮೀ. ತುಂಡು 198 ಮಿಲಿಗ್ರಾಂ ತೂಗಬೇಕು. ಈ ಸಂಖ್ಯೆಯನ್ನು ಯಂತ್ರದ ಮೇಲೆ ಬರೆದು ಅಂಟಿಸಿ. ಪ್ರತಿ ತುಂಡನ್ನೂ ತೂಗಿದರೆ ಸೂಕ್ಷ್ಮದರ್ಶಕಕ್ಕೆ ಮುಂಚೆಯೇ ತಪ್ಪು ಗೊತ್ತಾಗುತ್ತದೆ.

ಚಿತ್ರವನ್ನು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಆಜ್ಞೆ ಬರೆದುಕೊಡುವ ತಂತ್ರಾಂಶ, ಅಂದರೆ ಸ್ಲೈಸರ್, ಬಳಸಲಿಲ್ಲ. ಗಾಳಿ ನಿಲ್ಲಿಸಿದರೂ ಎಳೆ ಇಳಿಯುತ್ತಲೇ ಇರುತ್ತದೆ, ಹಿಂದಕ್ಕೆ ಎಳೆದುಕೊಳ್ಳುವ ಆಜ್ಞೆಗೆ ಇಲ್ಲಿ ಅರ್ಥವಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಜಿ-ಕೋಡ್ (ಯಂತ್ರದ ಚಲನೆಯ ಆಜ್ಞೆಗಳು) ಬರೆದು, ಪೂರ್ತಿ ತುಂಡು ಒಂದೇ ಎಳೆಯಲ್ಲಿ ಮುಗಿಯುವ ಹಾಗೆ ಹಾದಿ ಮಾಡಿದ್ದು. ತಿರುವಿನಲ್ಲಿ ಎಳೆ ಗುಡ್ಡೆಯಾಗುತ್ತದೆ. ಅದಕ್ಕೇ 20 × 20 ಮಿ.ಮೀ. ಪ್ರಿಂಟ್ ಮಾಡಿ, ಫ್ರಿಜ್‌ನಲ್ಲಿ ತಣಿಸಿ, ಹೊಸ ಬ್ಲೇಡಿನಿಂದ ನಡುವಿನ 10 × 10 ಮಾತ್ರ ಕತ್ತರಿಸಿಕೊಂಡೆವು. ಒಂದು ತುಂಡಿಗೆ 44 ನಿಮಿಷ.

ಮೊದಲ ತುಂಡು, 5.5 ಬಾರ್, ಸೆಕೆಂಡಿಗೆ 1.5 ಮಿ.ಮೀ.: ಎಳೆ 0.46 ಮಿ.ಮೀ. ನಳಿಕೆಯಿಂದ ಹೊರಬಂದ ಪ್ಲಾಸ್ಟಿಕ್ ಉಬ್ಬುತ್ತದೆ, ಅದು ಸಹಜ. ವೇಗವನ್ನು 2.0ಕ್ಕೆ ಏರಿಸಿದಾಗ ಎಳೆ 0.40ಕ್ಕೆ ಬಂತು.

ಎರಡನೇ ತುಂಡಿನಲ್ಲಿ ಎಳೆ ಸರಿಯಿದ್ದರೂ ಪಕ್ಕದಿಂದ ನೋಡಿದರೆ ರಂಧ್ರವೇ ಇಲ್ಲ, ಪದರಗಳು ಒಂದರ ಮೇಲೊಂದು ಕುಸಿದಿದ್ದವು. ಅಂದು ಕೋಣೆ 33 ಡಿಗ್ರಿ, ಬೆಡ್ (ತುಂಡು ಕೂರುವ ತಟ್ಟೆ) 45. ಕರಗಿದ ಪಿಸಿಎಲ್ ತಣಿದು ಗಟ್ಟಿಯಾಗುವುದು 30 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಕೆಳಗಿನ ಪದರ ಮೆತ್ತಗೇ ಇತ್ತು. ಬೆಡ್ ಅನ್ನು ಮೊದಲ ಪದರಕ್ಕೆ ಮಾತ್ರ 40 ಡಿಗ್ರಿ ಇಟ್ಟು ಆಮೇಲೆ ಆರಿಸಿ, ಫ್ಯಾನ್ ತಿರುಗಿಸಿ, ಕೋಣೆಯನ್ನು 24ಕ್ಕೆ ಇಳಿಸಿದ್ದು. ಬೇಸಿಗೆಯಲ್ಲಿ ಪಿಸಿಎಲ್ ಮಾಲನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಗುಳಿಗೆಗಳೆಲ್ಲ ಒಂದೇ ಗಡ್ಡೆಯಾಗುತ್ತವೆ.

ಅಂಟು, ಟೇಪು ಯಾವುದೂ ಬೇಡ, ಶುದ್ಧ ಗಾಜಿನ ಮೇಲೇ ಕೂರುತ್ತದೆ. ಗಾಜು ಸಮೇತ 10 ನಿಮಿಷ ಫ್ರಿಜ್‌ನಲ್ಲಿಟ್ಟರೆ ತಾನೇ ಬಿಡುತ್ತದೆ.

ಕೊನೆಯ ಆರು ತುಂಡುಗಳ ತೂಕ 203ರಿಂದ 209 ಮಿಲಿಗ್ರಾಂ. 206 ಹಿಡಿದರೆ ರಂಧ್ರ ಶೇ 59.

ದಿನ 35–49: ಮೇಲ್ಮೈ ಮತ್ತು ದೇಹದ್ರವದ ಪರೀಕ್ಷೆ

ಪಿಸಿಎಲ್ ಮೇಲೆ ನೀರು ಹನಿಯಾಗಿಯೇ ನಿಲ್ಲುತ್ತದೆ, ರಂಧ್ರದೊಳಗೆ ಇಳಿಯುವುದಿಲ್ಲ. ಅದಕ್ಕೇ ತುಂಡನ್ನು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ, ಅಂದರೆ ಲೀಟರಿಗೆ 40 ಗ್ರಾಂ, ಕೋಣೆಯ ತಾಪದಲ್ಲಿ 4 ಗಂಟೆ ಅದ್ದಿಟ್ಟದ್ದು. ತೊಳೆದ ನೀರಿನ ಪಿಎಚ್ ಬಟ್ಟಿ ನೀರಿನದಕ್ಕೆ ಸಮನಾಗುವವರೆಗೆ ತೊಳೆಯಬೇಕು. 5 ಮೋಲಾರ್‌ನಲ್ಲಿ 24 ಗಂಟೆ ಇಟ್ಟ ತುಂಡು ಶೇ 9 ತೂಕ ಕಳೆದುಕೊಂಡಿತು, ಬೆರಳು ಮುಟ್ಟಿದರೆ ಬಿಳಿಪುಡಿ ಅಂಟುತ್ತಿತ್ತು.

ಮುಂದಿನದು, ತುಂಡಿನ ಮೇಲೆ ಮೂಳೆಯ ಖನಿಜದಂಥ ಪದರ ಬೆಳೆಯುತ್ತದೆಯೇ ಎಂದು ನೋಡುವುದು. ಅದಕ್ಕೆ ಬೇಕಾದ ಕೃತಕ ದೇಹದ್ರವವನ್ನು, ಅಂದರೆ ರಕ್ತದ್ರವದ ಲವಣಗಳನ್ನು ಹೋಲುವ ದ್ರಾವಣವನ್ನು, ಜಪಾನಿನ ಕೊಕುಬೊ ಮತ್ತು ತಕಾದಾಮ 2006ರಲ್ಲಿ ಕೊಟ್ಟ ಕ್ರಮದಂತೆ ಮಾಡಿದ್ದು. 1 ಲೀಟರಿಗೆ: 700 ಮಿ.ಲೀ. ನೀರು 36.5 ಡಿಗ್ರಿಯಲ್ಲಿ, ಪ್ಲಾಸ್ಟಿಕ್ ಪಾತ್ರೆ. ಇದೇ ಕ್ರಮದಲ್ಲಿ, ಒಂದು ಕರಗಿದ ಮೇಲೆ ಮತ್ತೊಂದು: ಸೋಡಿಯಂ ಕ್ಲೋರೈಡ್ 8.035 ಗ್ರಾಂ, ಸೋಡಿಯಂ ಬೈಕಾರ್ಬನೇಟ್ 0.355, ಪೊಟ್ಯಾಸಿಯಂ ಕ್ಲೋರೈಡ್ 0.225, ಮೂರು ಅಣು ನೀರಿರುವ ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 0.231, ಆರು ಅಣು ನೀರಿರುವ ಮೆಗ್ನೀಸಿಯಂ ಕ್ಲೋರೈಡ್ 0.311, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 39 ಮಿ.ಲೀ., ಕ್ಯಾಲ್ಸಿಯಂ ಕ್ಲೋರೈಡ್ 0.292, ಸೋಡಿಯಂ ಸಲ್ಫೇಟ್ 0.072. ಕೊನೆಗೆ ಪಿಎಚ್ ಸ್ಥಿರವಾಗಿಡುವ ಟ್ರಿಸ್ 6.118 ಗ್ರಾಂ, ಚೂರುಚೂರೇ.

ಟ್ರಿಸ್ ಅನ್ನು ಒಂದೇ ಸಲ ಸುರಿದ ಮೊದಲ ಲೀಟರ್ ಮಬ್ಬಾಯಿತು, ಚೆಲ್ಲಬೇಕಾಯಿತು. ಎರಡನೆಯದನ್ನು 25 ಡಿಗ್ರಿಯಲ್ಲಿ ಪಿಎಚ್ 7.40ಕ್ಕೆ ಹೊಂದಿಸಿದ್ದು ಇನ್ನೊಂದು ತಪ್ಪು: ಟ್ರಿಸ್‌ನ ಪಿಎಚ್ ಬಿಸಿಯಾದಂತೆ ಡಿಗ್ರಿಗೆ ಸುಮಾರು 0.03ರಂತೆ ಇಳಿಯುತ್ತದೆ, 36.5ಕ್ಕೆ ಹೋದಾಗ ಅದು 7.1ರ ಹತ್ತಿರವಿತ್ತು. ಮೀಟರ್‌ನ ಹೊಂದಾಣಿಕೆಯೂ ಅಳತೆಯೂ 36.5 ಡಿಗ್ರಿಯಲ್ಲೇ ಆಗಬೇಕು.

ಎಷ್ಟು ದ್ರವ ಬೇಕು? ಮೇಲ್ಮೈಯ ಚದರ ಮಿ.ಮೀ.ಯನ್ನು 10ರಿಂದ ಭಾಗಿಸಿದರೆ ಬರುವಷ್ಟು ಮಿ.ಲೀ. ಹೊರಮೈ ಮಾತ್ರ ಲೆಕ್ಕ ಹಾಕಿ ತುಂಡಿಗೆ 35 ಮಿ.ಲೀ. ಎಂದುಕೊಂಡಿದ್ದೆವು. ಆದರೆ ಈ ತುಂಡಿನಲ್ಲಿ ಒಟ್ಟು ಎಳೆಯ ಉದ್ದ 1,200 ಮಿ.ಮೀ.; ಎಳೆಗಳ ಮೇಲ್ಮೈಯೇ ಸುಮಾರು 1,500 ಚದರ ಮಿ.ಮೀ. ಬೇಕಾದ್ದು 150 ಮಿ.ಲೀ. 35ರಲ್ಲಿ ಇಟ್ಟ ತುಂಡುಗಳ ಸುತ್ತ ಕ್ಯಾಲ್ಸಿಯಂ ಬೇಗ ಖಾಲಿಯಾಗುತ್ತದೆ, ಆ ಫಲಿತಾಂಶಕ್ಕೆ ಬೆಲೆಯಿಲ್ಲ.

14 ದಿನಕ್ಕೆ ಬಿಳಿ ಪದರ ಕಂಡಿತು. ಸಂತೋಷಪಡುವ ಮುನ್ನ ಬಟ್ಟಿ ನೀರಿನಲ್ಲಿ ಅದ್ದಿ ತೆಗೆದು ಒಣಗಿಸಬೇಕು. ತೊಳೆಯದೆ ಒಣಗಿಸಿದ ಒಂದು ತುಂಡಿನ ಹರಳುಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸೊಗಸಾಗಿದ್ದವು. ಅದರಲ್ಲಿದ್ದದ್ದು ಸೋಡಿಯಂ ಮತ್ತು ಕ್ಲೋರಿನ್, ಬರೀ ಉಪ್ಪು. ತೊಳೆದವುಗಳಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಇದ್ದವು.

ಜೀವಕೋಶದ ಪರೀಕ್ಷೆಗೆ ಕಳಿಸುವ ತುಂಡನ್ನು ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕಬೇಡಿ, 121 ಡಿಗ್ರಿಯಲ್ಲಿ ಕರಗಿ ಬಿಲ್ಲೆಯಾಗುತ್ತದೆ. ಶೇ 70 ಎಥನಾಲ್‌ನಲ್ಲಿ 30 ನಿಮಿಷ ಅದ್ದುವುದು ಪ್ರಯೋಗಾಲಯಕ್ಕೆ ಸಾಕು. ಅತಿನೇರಳೆ ದೀಪ ಒಳರಂಧ್ರದವರೆಗೆ ತಲುಪುವುದಿಲ್ಲ, ಅದೊಂದನ್ನೇ ನಂಬಬಾರದು.

ಬಾಕಿ ಇರುವುದು

ಒತ್ತಿ ಬಲ ನೋಡುವ ಪರೀಕ್ಷೆ ನಿಂತಿದೆ. ಬ್ಲೇಡಿನಿಂದ ಕತ್ತರಿಸಿದ ಅಂಚುಗಳು ಲಂಬವಾಗಿಲ್ಲ, ಮೇಲಿನ ಪದರದ ಎಳೆಗಳು ದುಂಡಗಿರುವುದರಿಂದ ಯಂತ್ರದ ತಟ್ಟೆ ಮೊದಲು ಆ ತುದಿಗಳನ್ನಷ್ಟೇ ಚಪ್ಪಟೆ ಮಾಡುತ್ತದೆ. ಐದು ತುಂಡಿನ ಗ್ರಾಫ್‌ಗಳು ಐದು ರೀತಿ ಬಂದವು, ಆ ಅಂಕಿಗಳನ್ನು ಇಲ್ಲಿ ಬರೆದಿಲ್ಲ. ಕತ್ತರಿಸಲು ಎರಡು ಬ್ಲೇಡುಗಳನ್ನು ಸರಿಯಾಗಿ 10 ಮಿ.ಮೀ. ಅಂತರದಲ್ಲಿ ಹಿಡಿಯುವ ಅಲ್ಯೂಮಿನಿಯಂ ಹಿಡಿಕೆ ಲೇತ್‌ನವರ ಹತ್ತಿರ ಕೊಟ್ಟಿದೆ. ಅದು ಬಂದ ಮೇಲೆ 10.4 ಗ್ರಾಂ ಎಚ್‌ಎ ಹಾಕಿದ ಬ್ಯಾಚಿನ ಎಂಟು ತುಂಡುಗಳನ್ನು ನಿಮಿಷಕ್ಕೆ 1 ಮಿ.ಮೀ. ವೇಗದಲ್ಲಿ ಒತ್ತಿ ನೋಡುವುದಿದೆ.